ಹಳೆಯ ಕಂಪ್ಯೂಟರಿನಲ್ಲಿ ಹಳೆಯದು ಯಾವುದು?

೨೦೨೫ನೆಯ ಇಸವಿಯ ಅಕ್ಟೋಬರ್ ೧೪ನೆಯ ತಾರೀಖು ಲೋಕದ ಕೋಟ್ಯಂತರ ಕಂಪ್ಯೂಟರುಗಳು ಒಂದೇ ದಿನದಲ್ಲಿ ಹಳೆಯವಾದವು. ಅವುಗಳಲ್ಲಿ ಒಂದು ತಂತಿಯೂ ಕಡಿದಿರಲಿಲ್ಲ. ಒಂದು ತಿರುಪೂ ಸಡಿಲಿರಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ ಎಂಬ ತನ್ನ ಕಾರ್ಯವ್ಯವಸ್ಥೆಗೆ ಅಂದಿನವರೆಗೆ ಎಲ್ಲರಿಗೂ ಒದಗಿಸುತ್ತಿದ್ದ ಸುರಕ್ಷತೆಯ ತಿದ್ದುಪಡಿಗಳನ್ನು ನಿಲ್ಲಿಸಿತು, ಅಷ್ಟೆ. ನೋಂದಾಯಿಸಿಕೊಂಡವರಿಗೆ ಇನ್ನೊಂದಿಷ್ಟು ಕಾಲದ ಸವಲತ್ತು ದೊರೆಯಿತಾದರೂ ಅದು ಗಡುವನ್ನು ಮುಂದೂಡಿತೇ ಹೊರತು ತೊಡೆದುಹಾಕಲಿಲ್ಲ. ಮುಂದಿನದಾದ ವಿಂಡೋಸ್ ೧೧, ಸುಮಾರು ೨೦೧೭ಕ್ಕಿಂತ ಹಿಂದೆ ತಯಾರಾದ ಬಹುತೇಕ ಯಂತ್ರಗಳನ್ನು ಒಲ್ಲೆನೆನ್ನುತ್ತದೆ. ಹೀಗಾಗಿ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ನಿನ್ನೆಯವರೆಗೆ ದುಡಿಯುತ್ತಿದ್ದ ಯಂತ್ರಗಳು ಮೂಲೆ ಸೇರಿ, ಅಲ್ಲಿಂದ ಗುಜರಿಯ ಅಂಗಡಿಯ ದಾರಿ ಹಿಡಿಯುವುದು ಸಹಜವೇ ಆಗಿದೆ.

ಇನ್ನೊಂದು ಕಡೆ ನೋಡೋಣ. ೨೦೧೭–೧೮ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ೭೫ನೆಯ ಸುತ್ತಿನ ಪ್ರಕಾರ ನಮ್ಮ ದೇಶದ ನಗರಗಳಲ್ಲಿ ನೂರು ಮನೆಗಳ ಪೈಕಿ ೨೩ರಲ್ಲಿ ಮಾತ್ರ ಕಂಪ್ಯೂಟರು ಇತ್ತು. ಹಳ್ಳಿಗಳಲ್ಲಾದರೋ ನೂರಕ್ಕೆ ನಾಲ್ಕು ಮನೆಗಳಲ್ಲಿ. ಹೊಸಪೇಟೆಯ ಚಿತ್ತವಾಡ್ಗಿಯಂತಹ ಬಡಾವಣೆಯು ಈ ಎರಡರ ನಡುವೆ ನಿಂತಿದೆ. ಒಂದು ಮಗ್ಗುಲಲ್ಲಿ ಪೇಟೆ, ಇನ್ನೊಂದು ಮಗ್ಗುಲಲ್ಲಿ ಗದ್ದೆ ತೋಟ. ಅಲ್ಲಿನ ವಿದ್ಯಾರ್ಥಿಯು ಸಿ.ಇ.ಟಿ. ಪರೀಕ್ಷೆಗೆ ಅರ್ಜಿ ಹಾಕಬೇಕಾದರೂ, ವಿದ್ಯಾರ್ಥಿವೇತನ ಕೇಳಬೇಕಾದರೂ, ಕಾಲೇಜನ್ನು ಆಯ್ದುಕೊಳ್ಳಬೇಕಾದರೂ ಎಲ್ಲವೂ ಕಂಪ್ಯೂಟರಿನ ಮುಖಾಂತರವೇ ಆಗಬೇಕು. ಮೊಬೈಲಿನಲ್ಲಿ ಅಷ್ಟೋ ಇಷ್ಟೋ ಆದೀತು. ಆದರೆ ಹತ್ತು ಪುಟದ ಪ್ರಬಂಧವನ್ನು ಬೆರಳತುದಿಯಲ್ಲಿ ಬರೆಯುವುದು, ಪ್ರೋಗ್ರಾಮು ರಚಿಸಿ ಕಲಿಯುವುದು ಸಾಧ್ಯವೆಂದು ಹೇಳುವವರು ಅದನ್ನು ತಾವೇ ಒಮ್ಮೆ ಮಾಡಿ ನೋಡಬೇಕು. ಒಂದೆಡೆ ಯಂತ್ರ ಬಿದ್ದಿದೆ. ಇನ್ನೊಂದೆಡೆ ಅದರ ಅಗತ್ಯ ಬಿದ್ದಿದೆ. ಇವೆರಡನ್ನೂ ಕೂಡಿಸಲು ಬೇಕಾದ ಹಣ ಅಲ್ಪ. ಬೇಕಾದ ತಿಳಿವಳಿಕೆಯಾದರೋ ಸ್ವಲ್ಪ ಹೆಚ್ಚು. ಆ ತಿಳಿವಳಿಕೆಯೇ ಈ ಲೇಖನದ ವಿಷಯ.

ಹಂಪಿಯ ಬಳಿ ಹರಿಯುವ ತುರ್ತಾ ಕಾಲುವೆ ವಿಜಯನಗರದ ಅರಸರ ಕಾಲದ್ದು. ಅದರ ನೀರಿನಿಂದ ಇಂದಿಗೂ ಬಾಳೆ ಬೆಳೆಯುತ್ತಿದೆ. ಶತಮಾನಗಳ ಕಾಲ ಅದನ್ನು ಉಳಿಸಿಕೊಂಡು ಬಂದವರು ನೀರು ನಿಧಾನವಾದಾಗಲೆಲ್ಲ ಹೊಸ ಕಾಲುವೆ ತೋಡಲಿಲ್ಲ; ಹೂಳು ಎಲ್ಲಿ ತುಂಬಿದೆ, ಕಟ್ಟೆ ಎಲ್ಲಿ ಜರಿದಿದೆ ಎಂದು ನೋಡಿ ಅಷ್ಟನ್ನು ಸರಿಪಡಿಸಿದರು. ಹಳೆಯ ಕಂಪ್ಯೂಟರಿನ ಎದುರು ಕುಳಿತವನು ಕೇಳಬೇಕಾದ ಪ್ರಶ್ನೆಯೂ ಇದೇ. ಇದರಲ್ಲಿ ಹೂಳು ತುಂಬಿರುವುದು ಎಲ್ಲಿ?

ಮೊದಲು ಯಾವುದು ಹಳೆಯದಾಗುವುದಿಲ್ಲವೆಂಬುದನ್ನು ತಿಳಿಯೋಣ. ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರು ಸಿಲಿಕಾನ್ ಎಂಬ ಅರೆವಾಹಕದ ಒಂದು ಬಿಲ್ಲೆ. ಅದರಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ. ಅವು ವಿದ್ಯುತ್ತನ್ನು ಬಿಡುತ್ತವೆ, ತಡೆಯುತ್ತವೆ. ಆದರೆ ಅವುಗಳಲ್ಲಿ ಚಲಿಸುವ ಕೀಲಿಲ್ಲ, ಸವೆಯುವ ಹಲ್ಲಿಲ್ಲ. ಸೈಕಲ್ಲಿನ ಸರಪಳಿಯಂತೆ ಅವು ಜೋತುಬೀಳುವುದಿಲ್ಲ. ದೀರ್ಘಕಾಲದ ಬಿಸಿಯಿಂದ ಅವುಗಳಲ್ಲಿಯೂ ಸೂಕ್ಷ್ಮ ಬದಲಾವಣೆಗಳು ಆಗುವುದುಂಟಾದರೂ ಮನೆಬಳಕೆಯ ಯಂತ್ರವೊಂದರ ಆಯುಸ್ಸಿನಲ್ಲಿ ಅದನ್ನು ಗಣಿಸಬೇಕಾಗಿಲ್ಲ. ಹತ್ತು ವರ್ಷ ಹಿಂದೆ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿತ್ತೋ ಇಂದೂ ಆ ಪ್ರೊಸೆಸರು ಅಷ್ಟೇ ಲೆಕ್ಕ ಮಾಡಬಲ್ಲದು. ಮದರ್‌ಬೋರ್ಡಿನ ಬಿಲ್ಲೆಗಳಿಗೂ, ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಗೂ ಈ ಮಾತು ಸಲ್ಲುತ್ತದೆ. ಯಂತ್ರದ ಅತ್ಯಂತ ಬೆಲೆಬಾಳುವ ಭಾಗಗಳು ಹೀಗೆ ಹೆಚ್ಚುಕಡಮೆ ಮುಪ್ಪಿಲ್ಲದವು. ಮುಪ್ಪು ಬರುವುದು ಎರಡು ಬಗೆಯ ಭಾಗಗಳಿಗೆ: ಯಾವುದು ತಿರುಗುತ್ತದೋ ಅದಕ್ಕೆ, ಯಾವುದರೊಳಗೆ ರಾಸಾಯನಿಕ ಕ್ರಿಯೆ ನಡೆಯುತ್ತದೋ ಅದಕ್ಕೆ.

ತಿರುಗುವವುಗಳಲ್ಲಿ ಮುಖ್ಯವಾದದ್ದು ಹಾರ್ಡ್ ಡಿಸ್ಕು. ಇದರೊಳಗೆ ಕಾಂತೀಯ ಲೇಪವುಳ್ಳ ತಟ್ಟೆಯೊಂದು ನಿಮಿಷಕ್ಕೆ ೭,೨೦೦ ಬಾರಿ ಸುತ್ತುತ್ತದೆ; ಅದರ ಮೇಲೆ ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ಓದುವ ಮುಳ್ಳು ತೇಲುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರು ಎಂಬುದನ್ನು ನೆನೆದರೆ ಈ ಸಾಹಸದ ಅಳತೆ ಸಿಕ್ಕೀತು. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ನಿಮಿಷಕ್ಕೆ ೭,೨೦೦ ಸುತ್ತು ಎಂದರೆ ಸೆಕೆಂಡಿಗೆ ೧೨೦. ಒಂದು ಸುತ್ತಿಗೆ ಸುಮಾರು ೮.೩ ಮಿಲಿಸೆಕೆಂಡು. ಬೇಕಾದ ಮಾಹಿತಿಯು ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ೪ ಮಿಲಿಸೆಕೆಂಡಿಗೂ ತುಸು ಹೆಚ್ಚು ಕಾಯಬೇಕು. ಅದಕ್ಕೆ ಮೊದಲು ಮುಳ್ಳನ್ನು ಹೊತ್ತ ತೋಳು ಸರಿಯಾದ ವರ್ತುಲಕ್ಕೆ ಸರಿಯಲು ೯ ಮಿಲಿಸೆಕೆಂಡಾದರೂ ಬೇಕು. ಒಟ್ಟು ೧೩ ಎಂದಿಟ್ಟುಕೊಳ್ಳಿ. ಯಂತ್ರವನ್ನು ಚಾಲನೆ ಮಾಡಿದಾಗ ತಟ್ಟೆಯ ಅಲ್ಲಲ್ಲಿ ಚೆದುರಿದ ಆರು ಸಾವಿರ ಚೂರುಗಳನ್ನು ಓದಬೇಕಾಯಿತೆಂದು ಭಾವಿಸಿದರೆ, ೭೮ ಸೆಕೆಂಡುಗಳು ಕೇವಲ ಹುಡುಕಾಟಕ್ಕೆ ಸಂದವು! ಅಷ್ಟು ಹೊತ್ತೂ ಪ್ರೊಸೆಸರು ಬಹುಮಟ್ಟಿಗೆ ಕೈಕಟ್ಟಿ ಕುಳಿತಿರುತ್ತದೆ.

ತಟ್ಟೆಯೂ ಮುಳ್ಳೂ ಇಲ್ಲದ, ಅರೆವಾಹಕದಲ್ಲಿಯೇ ಮಾಹಿತಿಯನ್ನು ಹಿಡಿದಿಡುವ ಎಸ್.ಎಸ್.ಡಿ. ಎಂಬ ಸಂಗ್ರಾಹಕವಿದೆಯಷ್ಟೆ. ಅದರಲ್ಲಿ ಒಂದು ಚೂರನ್ನು ಹುಡುಕಲು ಸುಮಾರು ೦.೧ ಮಿಲಿಸೆಕೆಂಡು ಸಾಕು. ಅದೇ ಆರು ಸಾವಿರ ಚೂರುಗಳಿಗೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ತೆಗೆದು ಆ ಸ್ಥಳದಲ್ಲಿ ಚಿಕ್ಕದೊಂದು ಎಸ್.ಎಸ್.ಡಿ.ಯನ್ನು ಕೂರಿಸಿದವರು ಯಂತ್ರಕ್ಕೆ ಹೊಸ ಪ್ರಾಣ ಬಂದಿತೆನ್ನುವುದು ಇದಕ್ಕಾಗಿಯೇ. ೨೦೦೫ರ ಈಚಿನ ಬಹುತೇಕ ಯಂತ್ರಗಳಲ್ಲಿ ಎರಡಕ್ಕೂ ಜೋಡಣೆಯ ಬಾಯಿ ಒಂದೇ ಬಗೆಯದು. ಒಂದು ತಿರುಪುಳಿ ಇದ್ದರೆ ಕೆಲಸ ಆಗುತ್ತದೆ.

ರ‍್ಯಾಮಿನ ವಿಚಾರವೂ ಇದಕ್ಕೆ ಹೊಂದಿಕೊಂಡಿದೆ. ರ‍್ಯಾಮ್ ಓದುವ ಮೇಜಿನಂತೆ, ಡಿಸ್ಕು ಪುಸ್ತಕದ ಬೀರುವಿನಂತೆ. ಮೇಜು ಚಿಕ್ಕದಾದರೆ ಒಂದು ಪುಸ್ತಕವನ್ನು ತೆರೆಯಲು ಇನ್ನೊಂದನ್ನು ಬೀರುವಿಗೆ ಹಿಂದಿರುಗಿಸಬೇಕು. ಮೇಜಿನ ಮೇಲಿನ ಪುಸ್ತಕವನ್ನು ಎತ್ತಿಕೊಳ್ಳಲು ಒಂದು ಸೆಕೆಂಡು ಹಿಡಿಯುತ್ತದೆಂದು ಕಲ್ಪಿಸಿಕೊಂಡರೆ, ಅದೇ ಪ್ರಮಾಣದಲ್ಲಿ ಎಸ್.ಎಸ್.ಡಿ.ಯಿಂದ ತರಲು ಹದಿನೇಳು ನಿಮಿಷವೂ ತಿರುಗುವ ಡಿಸ್ಕಿನಿಂದ ತರಲು ಒಂದೂವರೆ ದಿವಸವೂ ಬೇಕಾಗುತ್ತದೆ! ೨ ಗಿಗಾಬೈಟಿನ ರ‍್ಯಾಮ್ ಇರುವ ಯಂತ್ರದಲ್ಲಿ ಇಂದಿನ ಜಾಲತಾಣಗಳನ್ನು ನಾಲ್ಕೈದು ಒಟ್ಟಿಗೆ ತೆರೆದರೆ ಅದು ತಡವರಿಸುವುದು ಈ ಓಡಾಟದಿಂದಲೇ. ೪ ಗಿಗಾಬೈಟಿದ್ದರೆ ನಡೆದೀತು. ೮ ಇದ್ದರೆ ವಿದ್ಯಾರ್ಥಿಯ ಕೆಲಸಕ್ಕೆ ಯಾವ ಅಡ್ಡಿಯೂ ಇಲ್ಲ. ಕೆಟ್ಟುಹೋದ ಎರಡು ಯಂತ್ರಗಳ ರ‍್ಯಾಮನ್ನು ಕಿತ್ತು ಮೂರನೆಯದಕ್ಕೆ ಹಾಕುವುದು ಈ ಕಸುಬಿನಲ್ಲಿ ದಿನನಿತ್ಯದ ಮಾತು. ಡಿ.ಡಿ.ಆರ್.೨, ಡಿ.ಡಿ.ಆರ್.೩ ಎಂಬ ತಲೆಮಾರುಗಳು ಒಂದಕ್ಕೊಂದು ಕೂಡುವುದಿಲ್ಲವೆಂಬುದನ್ನು ಮಾತ್ರ ಗಮನಿಸಬೇಕು. ಅವುಗಳ ಅಂಚಿನ ಕಚ್ಚನ್ನು ಬೇರೆ ಬೇರೆ ಸ್ಥಳದಲ್ಲಿ ಇಟ್ಟಿರುವುದು ಅದಕ್ಕಾಗಿಯೇ.

ಮುಂದಿನದು ಧೂಳು ಮತ್ತು ಬಿಸಿ. ಹೊಸಪೇಟೆ–ಸಂಡೂರು ಸೀಮೆಯವರಿಗೆ ಕೆಂಪು ಧೂಳಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ಮರದ ಎಲೆಯೇ ಬಣ್ಣ ಬದಲಿಸುವಲ್ಲಿ, ಗಾಳಿಯನ್ನು ಒಳಕ್ಕೆಳೆಯುವ ಫ್ಯಾನುಳ್ಳ ಪೆಟ್ಟಿಗೆಯ ಗತಿ ಏನಾದೀತು? ಪ್ರೊಸೆಸರಿನ ಬಿಸಿಯನ್ನು ಹೊರಕ್ಕೆ ಹರಡುವ ಲೋಹದ ರೆಕ್ಕೆಗಳ ಸಂದುಗಳಲ್ಲಿ ಧೂಳು ಕಂಬಳಿಯಂತೆ ಕೂಡುತ್ತದೆ. ಪ್ರೊಸೆಸರಿಗೂ ಈ ಲೋಹಕ್ಕೂ ನಡುವೆ ಹಚ್ಚಿದ ಶಾಖವಾಹಕ ಲೇಪವು ಕೆಲವು ವರ್ಷಗಳಲ್ಲಿ ಒಣಗಿ ಬಿರಿಯುತ್ತದೆ; ಬಿರುಕಿನಲ್ಲಿ ಸೇರುವ ಗಾಳಿ ಶಾಖದ ಅತ್ಯಂತ ಕೆಟ್ಟ ವಾಹಕ. ಉಷ್ಣತೆಯು ೧೦೦ ಡಿಗ್ರಿ ಸೆಂಟಿಗ್ರೇಡನ್ನು ಸಮೀಪಿಸಿದಾಗ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತದೆ. ನೋಡುವವರಿಗೆ ಅದು ಮುಪ್ಪಿನಂತೆ ಕಾಣುತ್ತದೆ. ವಾಸ್ತವವಾಗಿ ಅದು ಜ್ವರ. ಬಣ್ಣ ಬಳಿಯುವ ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದು, ಹಳೆಯ ಲೇಪವನ್ನು ಸ್ಪಿರಿಟ್ಟಿನಿಂದ ಒರೆಸಿ, ಬಟಾಣಿಗಿಂತ ಚಿಕ್ಕದೊಂದು ತೊಟ್ಟು ಹೊಸ ಲೇಪವನ್ನು ಇಟ್ಟರೆ ಜ್ವರ ಇಳಿಯುತ್ತದೆ.

ರಾಸಾಯನಿಕ ಭಾಗಗಳಿಗೆ ಬರೋಣ. ಮದರ್‌ಬೋರ್ಡಿನ ಮೇಲೆ ಚಿಕ್ಕ ಡಬ್ಬಿಗಳಂತೆ ನಿಂತಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿ ದ್ರವವಿರುತ್ತದೆ. ಅದು ಮೆಲ್ಲಮೆಲ್ಲನೆ ಆರುತ್ತದೆ. ಉಷ್ಣತೆಯು ಹತ್ತು ಡಿಗ್ರಿ ಇಳಿದರೆ ಇವುಗಳ ಆಯುಸ್ಸು ಸುಮಾರಾಗಿ ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳು ಬಳಸುವ ಸೂತ್ರ. ಕಾಲೇಜಿನ ರಸಾಯನಶಾಸ್ತ್ರದಲ್ಲಿ ಬರುವ ಅರ್ಹೀನಿಯಸನ ಸಮೀಕರಣದ ಒರಟು ರೂಪವೇ ಇದು. ೧೦೫ ಡಿಗ್ರಿಯಲ್ಲಿ ೨,೦೦೦ ಗಂಟೆ ಬಾಳುವ ಕೆಪಾಸಿಟರು ೬೫ ಡಿಗ್ರಿಯಲ್ಲಿ ೩೨,೦೦೦ ಗಂಟೆ ಬಾಳೀತು. ದಿನಕ್ಕೆ ಎಂಟು ಗಂಟೆಯಂತೆ ಇದು ಹತ್ತಿರಹತ್ತಿರ ಹನ್ನೊಂದು ವರ್ಷ. ತಲೆ ಉಬ್ಬಿದ ಕೆಪಾಸಿಟರುಗಳು ಕಂಡರೆ ಬೆಸುಗೆ ಬಲ್ಲವರು ಅವನ್ನು ಬದಲಿಸಬಹುದು. ೨೦೦೦ದ ಆಸುಪಾಸಿನಿಂದ ಕೆಲವು ವರ್ಷ ತಯಾರಾದ ಬೋರ್ಡುಗಳಲ್ಲಿ ಕಳಪೆ ದ್ರವದ ಕೆಪಾಸಿಟರುಗಳು ಸೇರಿಕೊಂಡು ಲೋಕದಾದ್ಯಂತ ತೊಂದರೆ ಕೊಟ್ಟವು. ಅಂತಹವು ಸಿಕ್ಕಿದರೆ ಕೈಬಿಡುವುದೇ ಲೇಸು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಿದ್ಯುತ್ತನ್ನು ಒದಗಿಸುವ ಎಸ್.ಎಂ.ಪಿ.ಎಸ್. ಪೆಟ್ಟಿಗೆಯೊಳಗಣ ಕೆಪಾಸಿಟರು ನಮ್ಮ ಮನೆಯ ೨೩೦ ವೋಲ್ಟಿನಿಂದ ಸುಮಾರು ೩೨೫ ವೋಲ್ಟಿನಷ್ಟು ತುಂಬಿಕೊಂಡಿರುತ್ತದೆ. ತಂತಿಯನ್ನು ಗೋಡೆಯಿಂದ ಕಿತ್ತ ಮೇಲೂ ಆ ವಿದ್ಯುತ್ತು ಕೆಲಹೊತ್ತು ಒಳಗೇ ಇರಬಹುದು. ಆ ಪೆಟ್ಟಿಗೆಯನ್ನೂ, ಹಳೆಯ ಗಾಜಿನ ಕೊಳವೆಯ ಮಾನಿಟರನ್ನೂ ವಿದ್ಯಾರ್ಥಿಗಳು ಎಂದಿಗೂ ಬಿಚ್ಚಕೂಡದು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಅದನ್ನು ಚುಚ್ಚುವುದಾಗಲಿ ಒತ್ತುವುದಾಗಲಿ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಇನ್ನು ಅತ್ಯಂತ ಅಗ್ಗದ ಒಂದು ಭಾಗದ ಕಥೆ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂತಹ ೩ ವೋಲ್ಟಿನ ಸೆಲ್ಲೊಂದಿದೆ. ಯಂತ್ರ ಆರಿದ್ದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಬರಿದಾದರೆ ಯಂತ್ರವು ತಾನು ಹುಟ್ಟಿದ ಕಾಲಕ್ಕೆ, ೨೦೦೯ಕ್ಕೋ ೨೦೧೨ಕ್ಕೋ, ಹಿಂದಿರುಗುತ್ತದೆ. ಸುರಕ್ಷಿತ ಜಾಲತಾಣಗಳು ತೋರಿಸುವ ಗುರುತುಪತ್ರಕ್ಕೆ ಆರಂಭದ ತಾರೀಖೂ ಮುಗಿಯುವ ತಾರೀಖೂ ಇರುವುದರಿಂದ, ೨೦೦೯ರಲ್ಲಿ ಬದುಕುತ್ತಿರುವ ಯಂತ್ರವು ಇಂದಿನ ಗುರುತುಪತ್ರವನ್ನು ನಂಬುವುದಿಲ್ಲ. ಹೀಗಾಗಿ ವಿದ್ಯಾರ್ಥಿವೇತನದ ತಾಣವೂ ತೆರೆಯದು, ಬ್ಯಾಂಕಿನದೂ ತೆರೆಯದು. ಕೈಗಡಿಯಾರದ ಅಂಗಡಿಯಲ್ಲಿ ಸಿಗುವ ಒಂದು ಸೆಲ್ಲಿನ ಕೊರತೆಗಾಗಿ ಇಡೀ ಕಂಪ್ಯೂಟರು ಗುಜರಿಗೆ ಹೋಗುವುದುಂಟೆಂದರೆ ಆಶ್ಚರ್ಯಪಡಬೇಕಾಗಿಲ್ಲ.

ಯಂತ್ರ ಸಿದ್ಧವಾಯಿತೆಂದು ಅದನ್ನು ಹಾಗೆಯೇ ಕೊಡುವಂತಿಲ್ಲ. ಹಿಂದಿನ ಒಡೆಯನ ಪತ್ರ, ಲೆಕ್ಕ, ಭಾವಚಿತ್ರಗಳು ಡಿಸ್ಕಿನಲ್ಲಿರುತ್ತವೆ. ಅಳಿಸಿದ್ದೇವೆಂದು ಅವರು ಹೇಳಬಹುದು. ಆದರೆ ಕಡತವನ್ನು ಅಳಿಸುವುದೆಂದರೆ ಗ್ರಂಥಾಲಯದ ಸೂಚಿಯಿಂದ ಚೀಟಿಯನ್ನು ಹರಿದಂತೆ. ಪುಸ್ತಕ ಕಪಾಟಿನಲ್ಲಿಯೇ ಇರುತ್ತದೆ. ಕಪಾಟುಗಳನ್ನು ಒಂದೊಂದಾಗಿ ತಡಕುವವನಿಗೆ ಅದು ಸಿಕ್ಕೇ ಸಿಗುತ್ತದೆ. ತಿರುಗುವ ಡಿಸ್ಕಿನ ಆದ್ಯಂತ ಒಮ್ಮೆ ಸೊನ್ನೆಗಳನ್ನು ಬರೆದುಬಿಟ್ಟರೆ ಸಾಮಾನ್ಯ ಬಳಕೆಗೆ ಅಷ್ಟು ಸಾಕು, ಎಸ್.ಎಸ್.ಡಿ.ಗಾದರೆ ಅದರ ತಯಾರಕರು ಒಳಗೇ ಇಟ್ಟಿರುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಕಚೇರಿಗಳು ಹಳೆಯ ಯಂತ್ರಗಳನ್ನು ಕೊಡಲು ಹಿಂಜರಿಯುವುದು ಬಹುಮಟ್ಟಿಗೆ ಈ ಭಯದಿಂದ. ಅವರ ಕಣ್ಣೆದುರಿಗೇ ಅಳಿಸಿ ತೋರಿಸಬಲ್ಲ ಹುಡುಗರಿದ್ದರೆ ಬಾಗಿಲು ತೆರೆದೀತೆಂದು ನಮ್ಮ ಅಭಿಪ್ರಾಯ.

ಬರಿದಾದ ಯಂತ್ರಕ್ಕೆ ಯಾವ ಕಾರ್ಯವ್ಯವಸ್ಥೆಯನ್ನು ಕೂರಿಸುವುದು? ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದಕ್ಕೆ ಹೇಳಿಮಾಡಿಸಿದಂತಿದೆ. ಅದಕ್ಕೆ ಬೆಲೆ ತೆರಬೇಕಾಗಿಲ್ಲ. ಅದರ ಹಗುರವಾದ ರೂಪಗಳು, ಉದಾಹರಣೆಗೆ ಲುಬುಂಟು ಅಥವಾ ಎಕ್ಸ್‌ಎಫ್‌ಸಿಇ ಮುಖವುಳ್ಳ ಲಿನಕ್ಸ್ ಮಿಂಟ್, ಹತ್ತು ವರ್ಷದ ಯಂತ್ರದಲ್ಲಿಯೂ ಚುರುಕಾಗಿ ನಡೆಯುತ್ತವೆ. ಸುರಕ್ಷತೆಯ ತಿದ್ದುಪಡಿಗಳೂ ಬರುತ್ತಿರುತ್ತವೆ. ಕೆ. ಪಿ. ರಾಯರು ರೂಪಿಸಿದ ಕ್ರಮವನ್ನು ಅನುಸರಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರಿನ ಕೀಲಿಮಣೆ ವಿನ್ಯಾಸವು ಅದರಲ್ಲಿ ಮೊದಲೇ ಅಡಕವಾಗಿದೆ. ಕನ್ನಡದಲ್ಲಿ ಬರೆಯಲು ಬಾರದ ಯಂತ್ರವನ್ನು ಕನ್ನಡ ಶಾಲೆಯ ಹುಡುಗನಿಗೆ ಕೊಟ್ಟು ಕೈತೊಳೆದುಕೊಳ್ಳುವುದು ಅರ್ಧ ಕೆಲಸ.

ಹಾಗೆಂದು ಸಿಕ್ಕಿದ ಯಂತ್ರಗಳನ್ನೆಲ್ಲ ಉಳಿಸಬೇಕೆಂದು ನಾವು ವಾದಿಸುವುದಿಲ್ಲ. ೩೨ ಬಿಟ್ಟಿನ ಪ್ರೊಸೆಸರುಗಳ ಕಾಲ ಮುಗಿಯುತ್ತ ಬಂದಿದೆ; ೨೦೨೫ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ ಲಿನಕ್ಸಿನ ೧೩ನೆಯ ಆವೃತ್ತಿಯನ್ನು ಅಂತಹ ಯಂತ್ರದಲ್ಲಿ ಹೊಸದಾಗಿ ಸ್ಥಾಪಿಸಲು ಬರುವುದಿಲ್ಲ. ವಿದ್ಯುತ್ತಿನ ಲೆಕ್ಕವೂ ಇದೆ. ಪೆಂಟಿಯಂ ೪ರ ಕಾಲದ ಪೆಟ್ಟಿಗೆ ೧೦೦ ವ್ಯಾಟನ್ನೂ ಗಾಜಿನ ಮಾನಿಟರು ೮೦ ವ್ಯಾಟನ್ನೂ ನುಂಗುವುದೆನ್ನೋಣ. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ ೨೭ ಯೂನಿಟ್ಟು. ೨೦ ವ್ಯಾಟಿನ ಲ್ಯಾಪ್‌ಟಾಪಿಗೆ ಅದೇ ಅವಧಿಯಲ್ಲಿ ೩ ಯೂನಿಟ್ಟು ಸಾಕು. ಬಡವನಿಗೆ ಉಚಿತವಾಗಿ ಕೊಟ್ಟು ತಿಂಗಳು ತಿಂಗಳೂ ಅವನಿಂದ ತೆರಿಸುವ ದಾನವನ್ನು ಏನೆಂದು ಕರೆಯೋಣ?

ಆದರೆ ಉಳಿಸಬಹುದಾದದ್ದನ್ನು ಎಸೆಯುವುದರ ಬೆಲೆಯೂ ಕಡಮೆಯದಲ್ಲ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಂದಿನ ಒಂದು ಕಂಪ್ಯೂಟರನ್ನೂ ಅದರ ಮಾನಿಟರನ್ನೂ ತಯಾರಿಸಲು ೨೪೦ ಕಿಲೋಗ್ರಾಂ ಇಂಧನ, ೨೨ ಕಿಲೋಗ್ರಾಂ ರಾಸಾಯನಿಕಗಳು ಮತ್ತು ಒಂದೂವರೆ ಟನ್ ನೀರು ಬೇಕೆಂದು ಲೆಕ್ಕ ಹಾಕಿತು. ಇಂಧನವೊಂದೇ ಯಂತ್ರದ ತೂಕದ ಹತ್ತರಷ್ಟಾಯಿತು! ಎಸೆದ ಬೋರ್ಡುಗಳನ್ನು ಬಯಲಿನಲ್ಲಿ ಸುಟ್ಟು ತಾಮ್ರ ತೆಗೆಯುವವರ, ಆಮ್ಲದಲ್ಲಿ ಅದ್ದಿ ಚಿನ್ನದ ಕಣ ಹುಡುಕುವವರ ಶ್ವಾಸಕೋಶಗಳಿಗೆ ಹಳೆಯ ಬೆಸುಗೆಯ ಸೀಸ ಸೇರುತ್ತದೆ. ಆದುದರಿಂದ ನಿಜವಾಗಿ ಸತ್ತ ಯಂತ್ರವನ್ನು ಬಲ್ಲವರಿಗೇ ಒಪ್ಪಿಸಬೇಕು. ದಾಬಸ್‌ಪೇಟೆಯಲ್ಲಿ ೨೦೦೫ರಲ್ಲಿ ಆರಂಭವಾದ ಇ-ಪರಿಸರ ಸಂಸ್ಥೆಯು ಈ ಕೆಲಸಕ್ಕೆ ಸರ್ಕಾರದ ಅನುಮತಿ ಪಡೆದ ದೇಶದ ಮೊದಮೊದಲ ಘಟಕಗಳಲ್ಲೊಂದು. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳು ಮರುಬಳಕೆಗೆ ಸಿದ್ಧಪಡಿಸುವ ಉದ್ಯಮಗಳನ್ನು ಬೇರೆಯಾಗಿಯೇ ಗುರುತಿಸಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಅವುಗಳ ನೋಂದಣಿಯನ್ನು ವಿಧಿಸಿವೆ.

ಕರ್ನಾಟಕಕ್ಕೆ ಈ ಪ್ರಯತ್ನ ಹೊಸದಲ್ಲ. ಬಡವರಿಗೆಂದೇ ಹೊಸ ಯಂತ್ರವನ್ನು ರಚಿಸುವ ಹಂಬಲದಿಂದ ಬೆಂಗಳೂರಿನ ವಿಜ್ಞಾನಿಗಳೂ ಎಂಜಿನಿಯರುಗಳೂ ಸಿಂಪ್ಯೂಟರನ್ನು ರೂಪಿಸಿದರು. ೨೦೦೪ರಲ್ಲಿ ಮಾರುಕಟ್ಟೆಗೆ ಬಂದ ಅದು ನಿರೀಕ್ಷಿಸಿದಷ್ಟು ಹರಡಲಿಲ್ಲ. ಹಳೆಯ ಯಂತ್ರಗಳ ದಾರಿಯನ್ನು ಹಿಡಿದದ್ದು ಇನ್ಫೋಸಿಸ್ ಸಂಸ್ಥೆ. ೧೯೯೯ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ ಅದು ತಾನು ಬಳಸಿದ ಕಂಪ್ಯೂಟರುಗಳನ್ನು ಶಾಲೆಗಳಿಗೆ ಕೊಟ್ಟಿತು. ಅವುಗಳಿಗೆ ಬೇಕಾದ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಒದಗಿಸಿತು. ರಫ್ತಿನ ಸಂಸ್ಥೆಗಳು ಆಮದು ಸುಂಕವಿಲ್ಲದೆ ತರಿಸಿದ ಯಂತ್ರಗಳನ್ನು ಎರಡು ವರ್ಷ ಬಳಸಿದ ಮೇಲೆ ಶಾಲೆ, ಗ್ರಂಥಾಲಯ ಮೊದಲಾದವುಗಳಿಗೆ ಸುಂಕ ತೆರದೆ ಕೊಡಬಹುದೆಂಬ ನಿಯಮವೂ ಇದಕ್ಕೆ ಒತ್ತಾಸೆಯಾಯಿತು.

ನಮಗೆ ಹೆಚ್ಚು ಪಾಠ ಕಲಿಸುವುದು ಇನ್ನೊಂದು ಚಿಕ್ಕ ಪ್ರಯತ್ನ. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿಯ ಸುದರ್ಶನ ಬಡಾವಣೆಯ ಕೊಳಚೆ ಪ್ರದೇಶದಲ್ಲಿ, ಸ್ವತಂತ್ರ ತಂತ್ರಾಂಶ ಚಳವಳಿಯ ಯುವಕರು ೨೦೦೮ರ ಸುಮಾರಿಗೆ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ತೆರೆದರು. ಅಲ್ಲಿದ್ದದ್ದು ಇತರರು ಬಿಟ್ಟುಕೊಟ್ಟ ಹಳೆಯ ಯಂತ್ರಗಳು, ಬೆಲೆಯಿಲ್ಲದ ತಂತ್ರಾಂಶ. ಕೂಲಿಕಾರರ ಮಕ್ಕಳು ಗಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆಯುವುದನ್ನು ಕಲಿತರು. ದೊಡ್ಡ ದಾನಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಯಂತ್ರ ಕೊಟ್ಟವರು ಹೊರಟುಹೋಗಲಿಲ್ಲ. ಕಲಿಸುವವರು ಬಿಡುವಿನ ದಿನಗಳಲ್ಲಿ ಬರುತ್ತಿದ್ದರು, ಕೆಟ್ಟದ್ದನ್ನು ಅಲ್ಲಿಯೇ ಸರಿಪಡಿಸುತ್ತಿದ್ದರು. ದಾನವಾಗಿ ಬಂದ ಯಂತ್ರಗಳು ಒಂದು ಸೆಲ್ಲಿಗಾಗಿಯೋ ಒಂದು ಫ್ಯಾನಿಗಾಗಿಯೋ ನಿಂತು, ಬೀಗ ಹಾಕಿದ ಕೊಠಡಿಯಲ್ಲಿ ಧೂಳು ತಿನ್ನುವುದನ್ನು ಕಂಡವರಿಗೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ. ದುರಸ್ತಿ ಬಲ್ಲವನು ಕೂಗಳತೆಯಲ್ಲಿ ಇರಬೇಕು. ಚಿತ್ತವಾಡ್ಗಿಗೆ ಹತ್ತು ಯಂತ್ರ ಬರುವುದಾದರೆ ಅದಕ್ಕೆ ಮೊದಲು ಚಿತ್ತವಾಡ್ಗಿಯಲ್ಲಿಯೇ ಇಬ್ಬರು ಅದನ್ನು ಬಿಚ್ಚಿ ಜೋಡಿಸಲು ಕಲಿತಿರಬೇಕೆಂದು ನಾವು ಹೇಳುವುದು ಇದರಿಂದ.

ಕಲಿಯಲು ಆರಂಭಿಸುವವರು ತಿರುಪುಳಿಯನ್ನು ಮುಟ್ಟುವ ಮೊದಲು ಒಂದು ಪ್ರಯೋಗ ಮಾಡಬಹುದು. ಲಿನಕ್ಸನ್ನು ಒಂದು ಪೆನ್‌ಡ್ರೈವಿಗೆ ಬರೆದು, ಹಳೆಯ ಯಂತ್ರವನ್ನು ಅದರಿಂದಲೇ ಚಾಲನೆ ಮಾಡಿರಿ. ಒಳಗಿನ ಡಿಸ್ಕನ್ನು ಮುಟ್ಟದೆಯೇ ಅದು ನಡೆಯುತ್ತದೆ. ಪರದೆ, ಕೀಲಿಮಣೆ, ಧ್ವನಿ, ಜಾಲಸಂಪರ್ಕ ಇವು ಸರಿಯಿವೆಯೇ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅನಂತರ ಡಿಸ್ಕಿನ ಸ್ವಂತ ವರದಿಯನ್ನು ತೆರೆಯಿರಿ. ಸ್ಮಾರ್ಟ್ ಎಂಬ ಹೆಸರಿನ ಆ ದಾಖಲೆಯಲ್ಲಿ ಡಿಸ್ಕು ಎಷ್ಟು ಗಂಟೆ ತಿರುಗಿದೆ, ಎಷ್ಟು ಕಡೆ ಕೆಟ್ಟಿದೆ ಎಂಬ ಅಂಕಿಗಳಿರುತ್ತವೆ. ಕೆಟ್ಟ ಸ್ಥಳಗಳ ಸಂಖ್ಯೆ ಸೊನ್ನೆಯಲ್ಲದಿದ್ದರೆ ಆ ಡಿಸ್ಕನ್ನು ಯಾರಿಗೂ ಕೊಡಬೇಡಿರಿ. ಕೊನೆಗೆ ಯಂತ್ರವನ್ನು ಎರಡು ಗಂಟೆ ಬಿಡದೆ ನಡೆಸಿ ಉಷ್ಣತೆಯನ್ನು ಬರೆದಿಟ್ಟುಕೊಳ್ಳಿರಿ. ಈ ಕೊನೆಯ ಪರೀಕ್ಷೆಯನ್ನು ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಮಾಡುವುದು ಉತ್ತಮ. ಜನವರಿಯ ಬೆಳಗಿನಲ್ಲಿ ತೇರ್ಗಡೆಯಾದ ಯಂತ್ರವು ಹೊಸಪೇಟೆಯ ಬೇಸಿಗೆಯಲ್ಲಿಯೂ ನಿಲ್ಲುತ್ತದೆಂಬ ಭರವಸೆಯಿಲ್ಲ.